383 ಕಿಲೋಮೀಟರ್: ಧ್ರುವದ ಬಳಿಯ ಎರಡು ಊರುಗಳ ದೂರ ಅಳೆಯುವುದು ಹೇಗೆ?

ಕೆನಡಾದ ಉತ್ತರ ತುದಿಯ ದ್ವೀಪಗಳಲ್ಲಿ ಎರಡು ಶಿಲ್ಪಗಳಿವೆ. ಒಂದು ರೆಸೊಲ್ಯೂಟ್ ಎಂಬ ಊರಿನಲ್ಲಿದೆ. ಅಲ್ಲಿ ಒಬ್ಬಂಟಿ ಗಂಡಸು ನಿಂತು ದೂರಕ್ಕೆ ದಿಟ್ಟಿಸುತ್ತಿದ್ದಾನೆ. ಇನ್ನೊಂದು ಗ್ರೀಸ್ ಫಿಯಾರ್ಡ್‌ನಲ್ಲಿದೆ. ಅಲ್ಲಿ ಒಬ್ಬ ಹೆಂಗಸು, ಮಗ್ಗುಲಲ್ಲಿ ಚಿಕ್ಕ ಹುಡುಗ, ಜೊತೆಗೊಂದು ಹಸ್ಕಿ ನಾಯಿ. ಅವನ ನೋಟ ಗ್ರೀಸ್ ಫಿಯಾರ್ಡ್ ಕಡೆಗೆ, ಅವಳ ನೋಟ ರೆಸೊಲ್ಯೂಟ್ ಕಡೆಗೆ. ಅಗಲಿದ ಕುಟುಂಬಗಳ ನೆನಪಿಗಾಗಿ 2010ರಲ್ಲಿ ನಿಂತ ಶಿಲ್ಪಗಳಿವು. ರೆಸೊಲ್ಯೂಟ್‌ನದನ್ನು ಸಿಮಿಯೋನಿ ಅಮಗೋಲಿಕ್, ಗ್ರೀಸ್ ಫಿಯಾರ್ಡ್‌ನದನ್ನು ಲೂಟಿ ಪಿಜಮಿನಿ ಕೆತ್ತಿದರು.

ಆ ಎರಡು ನೋಟಗಳ ನಡುವೆ ಎಷ್ಟು ದೂರವಿದೆ? ಫೋನಿನಲ್ಲಿ ಊರಿನ ಹೆಸರು ಹಾಕಿದರೆ ಒಂದು ಅಂಕಿ ಬರುತ್ತದೆ. ಆದರೆ ಆ ಅಂಕಿ ಎಲ್ಲಿಂದ ಬಂತು, ಅದನ್ನು ಎಷ್ಟು ನಂಬಬಹುದು, ವಿಮಾನದ ಸಮಯಕ್ಕೆ ಅದನ್ನು ಹೇಗೆ ತಿರುಗಿಸಿಕೊಳ್ಳಬೇಕು ಎನ್ನುವುದನ್ನು ಫೋನು ಹೇಳುವುದಿಲ್ಲ. ಪೇಪರು, ಪೆನ್ನು, ಹತ್ತನೇ ತರಗತಿಯ ಗಣಿತ ಇದ್ದರೆ ಇದನ್ನು ನಾವೇ ಲೆಕ್ಕ ಹಾಕಬಹುದು. ಉತ್ತರ ಧ್ರುವದ ಬಳಿ ಈ ಲೆಕ್ಕ ಎಲ್ಲಿ ದಾರಿ ತಪ್ಪುತ್ತದೆ ಎಂದು ತಿಳಿದವರು ಭೂಮಿಯ ಮೇಲಿನ ಯಾವ ಎರಡು ಊರುಗಳ ದೂರವನ್ನಾದರೂ ಸರಿಯಾಗಿ ಅಳೆಯಬಲ್ಲರು.

ಊರುಗಳು ಎಲ್ಲಿವೆ?

ಎರಡೂ ಕೆನಡಾದ ನುನಾವುಟ್ ಪ್ರದೇಶಕ್ಕೆ ಸೇರಿವೆ. 1999ರ ಏಪ್ರಿಲ್ 1ರಂದು ಹುಟ್ಟಿದ ಈ ಪ್ರದೇಶ ಕರ್ನಾಟಕದ ಹತ್ತು ಪಟ್ಟಿಗಿಂತ ದೊಡ್ಡದು. ಜನಸಂಖ್ಯೆ ಮಾತ್ರ 2021ರ ಗಣತಿಯಲ್ಲಿ 37 ಸಾವಿರಕ್ಕೂ ಕಡಿಮೆ. ಹೆಚ್ಚಿನವರು ಇನುಯಿಟ್ ಸಮುದಾಯದವರು. ಇರುವ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ರೈಲಂತೂ ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದಾಗ ಸರಕಿನ ಹಡಗು ಬರುತ್ತದೆ. ಉಳಿದಂತೆ ವರ್ಷವಿಡೀ ವಿಮಾನವೇ ಗತಿ.

ರೆಸೊಲ್ಯೂಟ್ ಇರುವುದು ಕಾರ್ನ್‌ವಾಲಿಸ್ ದ್ವೀಪದಲ್ಲಿ. 2021ರ ಗಣತಿಯ ಪ್ರಕಾರ ಅಲ್ಲಿನ ಜನ 183. ಇನುಯಿಟ್ ಭಾಷೆಯಲ್ಲಿ ಆ ಊರು ಕೌಸುಯಿತ್ತುಕ್, ಅಂದರೆ ಬೆಳಗಾಗದ ಜಾಗ. ಗ್ರೀಸ್ ಫಿಯಾರ್ಡ್ ಇರುವುದು ಎಲ್ಸ್‌ಮಿಯರ್ ದ್ವೀಪದ ದಕ್ಷಿಣ ತೀರದಲ್ಲಿ, ಜನ 144. ಅದರ ಇನುಯಿಟ್ ಹೆಸರು ಔಯುಯಿತ್ತುಕ್, ಎಂದೂ ಕರಗದ ಜಾಗ. ಸೇನೆ ಮತ್ತು ಹವಾಮಾನ ಕೇಂದ್ರಗಳನ್ನು ಬಿಟ್ಟರೆ, ಕುಟುಂಬಗಳು ಮನೆಮಾಡಿಕೊಂಡಿರುವ ಕೆನಡಾದ ಅತಿ ಉತ್ತರದ ಊರು ಅದೇ. ಎರಡೂ ಊರುಗಳ ನಡುವೆ ವೆಲಿಂಗ್ಟನ್ ಜಲಸಂಧಿ, ಅದರಾಚೆ ಡೆವನ್ ದ್ವೀಪ, ಆಮೇಲೆ ಜೋನ್ಸ್ ಸೌಂಡ್ ಎಂಬ ಸಮುದ್ರ. ಜನವಸತಿಯಿಲ್ಲದ ದ್ವೀಪಗಳಲ್ಲಿ ಜಗತ್ತಿಗೇ ದೊಡ್ಡದು ಡೆವನ್. ಮಂಗಳ ಗ್ರಹಕ್ಕೆ ಹೋಗುವ ಸಿದ್ಧತೆಯ ಪ್ರಯೋಗಗಳನ್ನು ವಿಜ್ಞಾನಿಗಳು ಅಲ್ಲಿನ ಹಾಟನ್ ಕುಳಿಯಲ್ಲಿ ನಡೆಸುತ್ತಾರೆ. ನೆಲ ಅಷ್ಟು ಬರಡು.

ಗೋಡೆಯ ನಕ್ಷೆಯಿಂದ ಅಳೆಯಬೇಡಿ

ಶಾಲೆಯ ಗೋಡೆಯ ಮೇಲೆ ನಾವು ನೋಡುತ್ತ ಬೆಳೆದ ಜಗತ್ತಿನ ನಕ್ಷೆ ಬಹುಮಟ್ಟಿಗೆ ಮರ್ಕೇಟರ್ ಮಾದರಿಯದು. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಅದನ್ನು ರಚಿಸಿದ್ದು ನಾವಿಕರ ಅನುಕೂಲಕ್ಕೆ. ದಿಕ್ಸೂಚಿ ಹಿಡಿದು ಒಂದೇ ದಿಕ್ಕಿನಲ್ಲಿ ಸಾಗುವ ಹಡಗಿನ ದಾರಿ ಅದರಲ್ಲಿ ನೇರ ಗೆರೆಯಾಗಿ ಕಾಣುತ್ತದೆ. ಅದಕ್ಕೆ ತೆತ್ತ ಬೆಲೆ ಏನೆಂದರೆ, ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ನಕ್ಷೆ ಹಿಗ್ಗುತ್ತದೆ. ನಮ್ಮ ಎರಡು ಊರುಗಳಿರುವ 75–76 ಡಿಗ್ರಿ ಅಕ್ಷಾಂಶದಲ್ಲಿ ಅದು ಉದ್ದಕ್ಕೂ ಅಡ್ಡಕ್ಕೂ ಸುಮಾರು ನಾಲ್ಕು ಪಟ್ಟು ಹಿಗ್ಗಿರುತ್ತದೆ. ನಕ್ಷೆಯ ಅಂಚಿನಲ್ಲಿರುವ ಭೂಮಧ್ಯರೇಖೆಯ ಅಳತೆಪಟ್ಟಿ ಹಿಡಿದು ಅಳೆದರೆ ಇವೆರಡರ ನಡುವೆ 1,500 ಕಿ.ಮೀ. ಇದೆ ಎಂದು ತೋರುತ್ತದೆ. ಅದು ತಪ್ಪು.

ಗ್ಲೋಬ್ ಈ ತಪ್ಪು ಮಾಡುವುದಿಲ್ಲ. ನನ್ನ ಮೇಜಿನ ಮೇಲಿರುವ ಗ್ಲೋಬಿನ ಅಡ್ಡಳತೆ 30 ಸೆಂಟಿಮೀಟರ್. ಭೂಮಿಯ ವ್ಯಾಸ 12,742 ಕಿ.ಮೀ. ಆದ್ದರಿಂದ ಈ ಗ್ಲೋಬಿನ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ. ಕಾರ್ನ್‌ವಾಲಿಸ್ ದ್ವೀಪದಿಂದ ಎಲ್ಸ್‌ಮಿಯರ್‌ನ ದಕ್ಷಿಣ ತೀರಕ್ಕೆ ಒಂದು ನೂಲು ಎಳೆದು ಬಿಗಿಹಿಡಿದೆ. ಅದು ಒಂದು ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ ಬಂತು. ಉತ್ತರ 400 ಕಿ.ಮೀ.ಗಿಂತ ಒಳಗೇ ಇರಬೇಕು ಎಂದು ಗೊತ್ತಾಯಿತು. ಯಾವ ಲೆಕ್ಕಕ್ಕೂ ಮೊದಲು ಹೀಗೊಂದು ಅಂದಾಜು ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಆಮೇಲೆ ಎಲ್ಲಾದರೂ ತಪ್ಪಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ.

ಬಿಗಿಹಿಡಿದ ನೂಲು ಕೂರುವ ದಾರಿಗೆ ಗಣಿತದಲ್ಲಿ ಮಹಾವೃತ್ತದ ದಾರಿ ಎನ್ನುತ್ತಾರೆ. ಗೋಳದ ಮೇಲೆ ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿ ಅದು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೂಲು ಎಳೆದರೆ ಅದು ಪೆಸಿಫಿಕ್ ಸಾಗರದ ನಡುವೆ ಹಾಯದೆ ಧ್ರುವದ ಕಡೆಗೆ ಏರುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಲೇ ತಂದರು.

ಲೆಕ್ಕ ಹಾಕುವ ಬಗೆ

ಸಣ್ಣ ದೂರಕ್ಕೆ ದೊಡ್ಡ ಸೂತ್ರ ಬೇಡ. ಪೈಥಾಗೊರಸ್ ಪ್ರಮೇಯ ಸಾಕು.

ಒಂದು: ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ರೆಸೊಲ್ಯೂಟ್ ಬೇ: 74.72 ಉತ್ತರ, 94.97 ಪಶ್ಚಿಮ. ಗ್ರೀಸ್ ಫಿಯಾರ್ಡ್: 76.43 ಉತ್ತರ, 82.91 ಪಶ್ಚಿಮ.

ಎರಡು: ಉತ್ತರ-ದಕ್ಷಿಣದ ಅಂತರ ಕಂಡುಹಿಡಿಯಿರಿ. ಅಕ್ಷಾಂಶಗಳ ವ್ಯತ್ಯಾಸ 1.71 ಡಿಗ್ರಿ. ಭೂಮಿಯ ಮೇಲೆ ಎಲ್ಲೇ ಆದರೂ ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111.2 ಕಿ.ಮೀ. ಗುಣಿಸಿದರೆ 190 ಕಿ.ಮೀ.

ಮೂರು: ಪೂರ್ವ-ಪಶ್ಚಿಮದ ಅಂತರ ಕಂಡುಹಿಡಿಯಿರಿ. ರೇಖಾಂಶಗಳ ವ್ಯತ್ಯಾಸ 12.06 ಡಿಗ್ರಿ. ಇಲ್ಲಿ ಎಚ್ಚರ ಬೇಕು. ಕಿತ್ತಳೆ ತೊಳೆಗಳ ಗೆರೆಗಳು ತೊಟ್ಟಿನ ಬಳಿ ಸೇರುವಂತೆ ರೇಖಾಂಶಗಳೆಲ್ಲ ಧ್ರುವದಲ್ಲಿ ಕೂಡುತ್ತವೆ. ಬೆಂಗಳೂರಿನ ಮಟ್ಟದಲ್ಲಿ ಒಂದು ಡಿಗ್ರಿ ರೇಖಾಂಶ 108 ಕಿ.ಮೀ. ಅಗಲವಿದ್ದರೆ, ನಮ್ಮ ಊರುಗಳ ಸರಾಸರಿ ಅಕ್ಷಾಂಶವಾದ 75.57 ಡಿಗ್ರಿಯಲ್ಲಿ ಅದು 27.7 ಕಿ.ಮೀ.ಗೆ ಇಳಿಯುತ್ತದೆ. ಇದನ್ನು ಪಡೆಯಲು 111.2ನ್ನು ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ. 75.57 ಡಿಗ್ರಿಯ ಕೊಸೈನ್ 0.249. ಹೀಗೆ 12.06 ಡಿಗ್ರಿಗೆ 334 ಕಿ.ಮೀ.

ನಾಲ್ಕು: 190ರ ವರ್ಗ 36,100. 334ರ ವರ್ಗ 1,11,556. ಕೂಡಿದರೆ 1,47,656. ಇದರ ವರ್ಗಮೂಲ 384.

ಗೋಳದ ಪೂರ್ಣ ಸೂತ್ರದಿಂದ ಬರುವ ಉತ್ತರ ಸುಮಾರು 383 ಕಿ.ಮೀ. ನಮ್ಮ ಕೈಲೆಕ್ಕ ತಪ್ಪಿದ್ದು ಒಂದೇ ಒಂದು ಕಿಲೋಮೀಟರ್. ಬೆಂಗಳೂರು ಮತ್ತು ಹುಬ್ಬಳ್ಳಿ ವಿಮಾನ ನಿಲ್ದಾಣಗಳ ನಡುವಿನ ನೇರ ದೂರವೂ ಹೆಚ್ಚುಕಡಿಮೆ ಇಷ್ಟೇ. ಊರುಗಳು ಸಾವಿರಾರು ಕಿ.ಮೀ. ದೂರವಿದ್ದರೆ, ಇಲ್ಲವೇ ಧ್ರುವಕ್ಕೆ ತೀರ ಅಂಟಿಕೊಂಡಿದ್ದರೆ ಈ ಸರಳ ವಿಧಾನ ಸಾಲದು. ಆಗ ಗೋಳದ ಸೂತ್ರವನ್ನೇ ಬಳಸಬೇಕು.

ಎಡವುವ ಜಾಗಗಳು

ಕೊಸೈನ್ ಮರೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ರೇಖಾಂಶದ ಡಿಗ್ರಿಗೂ 111 ಕಿ.ಮೀ. ಹಿಡಿದರೆ ಉತ್ತರ 1,350 ಕಿ.ಮೀ. ದಾಟುತ್ತದೆ. ಗ್ಲೋಬಿನ ಮೇಲಿನ ನೂಲು ಕಾಪಾಡುವುದು ಇಂಥ ಹೊತ್ತಿನಲ್ಲಿ.

ಮಿನಿಟುಗಳನ್ನು ದಶಾಂಶವೆಂದು ಓದುವುದು ಎರಡನೆಯದು. 74 ಡಿಗ್ರಿ 43 ಮಿನಿಟು ಎಂದರೆ 74.43 ಆಗುವುದಿಲ್ಲ. 43ನ್ನು 60ರಿಂದ ಭಾಗಿಸಬೇಕು, ಆಗ 74.72. ಈ ಒಂದು ತಪ್ಪಿಗೆ ಊರು 32 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ.

ಪೂರ್ವ, ಪಶ್ಚಿಮ ಅದಲುಬದಲಾಗುವುದು ಮೂರನೆಯದು. ಕಂಪ್ಯೂಟರಿನಲ್ಲಿ ಪಶ್ಚಿಮ ರೇಖಾಂಶಕ್ಕೆ ಋಣಚಿಹ್ನೆ ಹಾಕಬೇಕು. ಭಾರತವೆಲ್ಲ ಪೂರ್ವ ರೇಖಾಂಶದಲ್ಲಿರುವುದರಿಂದ ನಮಗೆ ಅದರ ರೂಢಿಯಿಲ್ಲ. ಚಿಹ್ನೆ ಬಿಟ್ಟರೆ ರೆಸೊಲ್ಯೂಟ್ ರಷ್ಯಾದ ಸೈಬೀರಿಯಾಕ್ಕೆ ಹೋಗಿ ಕೂರುತ್ತದೆ.

ಹೆಸರಿನ ಗೊಂದಲವೂ ಉಂಟು. ನುನಾವುಟ್‌ನಲ್ಲೇ ದಕ್ಷಿಣಕ್ಕೆ ರೆಸೊಲ್ಯೂಷನ್ ಎಂಬ ದ್ವೀಪವೊಂದಿದೆ. ರೆಸೊಲ್ಯೂಟ್‌ನ ವಿಮಾನ ನಿಲ್ದಾಣ ಕೂಡ ಊರಿನೊಳಗಿಲ್ಲ, ಕೆಲವು ಕಿಲೋಮೀಟರ್ ಆಚೆಗಿದೆ. ಅಳೆಯುತ್ತಿರುವುದು ಊರಿನಿಂದ ಊರಿಗೋ ನಿಲ್ದಾಣದಿಂದ ನಿಲ್ದಾಣಕ್ಕೋ ಎಂದು ಮೊದಲೇ ತೀರ್ಮಾನಿಸಿ. ನಿಲ್ದಾಣದ ಮೂರಕ್ಷರದ ಸಂಕೇತ ಬಳಸಿದರೆ ಗೊಂದಲವಿರುವುದಿಲ್ಲ: ರೆಸೊಲ್ಯೂಟ್ ಬೇಗೆ ವೈಆರ್‌ಬಿ, ಗ್ರೀಸ್ ಫಿಯಾರ್ಡ್‌ಗೆ ವೈಜಿಝಡ್.

ಕೊನೆಯದು ಮೈಲಿ. ನೆಲದ ಮೈಲಿಯೇ ಬೇರೆ, ವಿಮಾನ ಮತ್ತು ಹಡಗಿನವರ ನಾಟಿಕಲ್ ಮೈಲಿಯೇ ಬೇರೆ. ನಾಟಿಕಲ್ ಮೈಲಿ ಎಂದರೆ 1,852 ಮೀಟರ್, ಅಕ್ಷಾಂಶದ ಒಂದು ಮಿನಿಟಿನಷ್ಟು. ನಮ್ಮ 383 ಕಿ.ಮೀ. ನೆಲದ ಲೆಕ್ಕದಲ್ಲಿ 238 ಮೈಲಿ, ಪೈಲಟ್‌ನ ಲೆಕ್ಕದಲ್ಲಿ 207 ನಾಟಿಕಲ್ ಮೈಲಿ. ಅಂಕಿಯ ಮುಂದೆ ಮಾನ ಬರೆಯದಿದ್ದರೆ ಅದನ್ನು ನೆಚ್ಚಬೇಡಿ.

ದೂರದಿಂದ ಸಮಯಕ್ಕೆ

ಗ್ರೀಸ್ ಫಿಯಾರ್ಡ್‌ಗೆ ದೊಡ್ಡ ವಿಮಾನ ಇಳಿಯಲಾರದು. ಸಮುದ್ರ ಮತ್ತು ಬೆಟ್ಟದ ನಡುವಿನ ಇಕ್ಕಟ್ಟಿನಲ್ಲಿ ಜಲ್ಲಿ ಹಾಸಿದ ಗಿಡ್ಡ ರನ್‌ವೇ ಅಲ್ಲಿನದು. ಅಲ್ಲಿಗೆ ಹೋಗುವುದು ಟ್ವಿನ್ ಆಟರ್. ಕೆನಡಾದ ಡಿ ಹ್ಯಾವಿಲೆಂಡ್ ಕಂಪನಿ ರೂಪಿಸಿ 1965ರಲ್ಲಿ ಮೊದಲು ಹಾರಿಸಿದ, ಎರಡು ಎಂಜಿನ್‌ನ ಪುಟ್ಟ ವಿಮಾನವದು. ಹೆಚ್ಚೆಂದರೆ 19 ಪ್ರಯಾಣಿಕರು. ಚಕ್ರದ ಜಾಗದಲ್ಲಿ ಹಿಮದ ಮೇಲೆ ಜಾರುವ ಸ್ಕೀ, ನೀರಿನ ಮೇಲೆ ತೇಲುವ ಫ್ಲೋಟ್ ಕೂಡ ಕಟ್ಟಬಹುದು. ಚಿಕ್ಕ ಜಾಗದಲ್ಲಿ ಏರಿ ಇಳಿಯುವುದೇ ಅದರ ದೊಡ್ಡಸ್ತಿಕೆ, ವೇಗ ಕಡಿಮೆ.

ಅದರ ವೇಗ 150 ನಾಟ್, ಅಂದರೆ ಗಂಟೆಗೆ 150 ನಾಟಿಕಲ್ ಮೈಲಿ ಎಂದಿಟ್ಟುಕೊಳ್ಳಿ. ಗಾಳಿಯೇ ಇಲ್ಲದ ದಿನ 207 ನಾಟಿಕಲ್ ಮೈಲಿಗೆ 83 ನಿಮಿಷ. 30 ನಾಟ್ ಎದುರುಗಾಳಿ ಇದ್ದರೆ ನೆಲದ ಮೇಲಿನ ವೇಗ 120ಕ್ಕೆ ಇಳಿದು ಸುಮಾರು 104 ನಿಮಿಷ ಬೇಕು. ಅದೇ ಗಾಳಿ ಬೆನ್ನಿಗಿದ್ದರೆ 69 ನಿಮಿಷ ಸಾಕು. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಗಳಿಸುತ್ತೇವಲ್ಲ ಎನಿಸಬಹುದು. ಕೂಡಿ ನೋಡಿ: ಗಾಳಿಯಿದ್ದ ದಿನ ಹೋಗಿಬರಲು 173 ನಿಮಿಷ, ಇಲ್ಲದ ದಿನ 166. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಬೆನ್ನಿನ ಗಾಳಿಯ ನೆರವು ಕಡಿಮೆ ಹೊತ್ತು ಸಿಗುತ್ತದೆ. ಆದ್ದರಿಂದ ಗಾಳಿ ಎಂದೂ ಸಾಲ ಪೂರ್ತಿ ತೀರಿಸುವುದಿಲ್ಲ. ಏರಲು, ಇಳಿಯಲು ಬೇಕಾದ ಹೆಚ್ಚಿನ ನಿಮಿಷಗಳನ್ನು ಇದಕ್ಕೆ ಸೇರಿಸಿಕೊಳ್ಳಿ.

ಗಡಿಯಾರದ ಗೊಂದಲ ಬೇರೆ. ರೆಸೊಲ್ಯೂಟ್ ಕೆನಡಾದ ಮಧ್ಯವಲಯದ ಸಮಯ ಪಾಲಿಸುತ್ತದೆ, ಗ್ರೀಸ್ ಫಿಯಾರ್ಡ್ ಪೂರ್ವವಲಯದ್ದು. ವ್ಯತ್ಯಾಸ ಒಂದು ಗಂಟೆ. ರೆಸೊಲ್ಯೂಟ್‌ನಿಂದ ಬೆಳಿಗ್ಗೆ 10ಕ್ಕೆ ಹೊರಟು ಒಂದೂವರೆ ಗಂಟೆ ಹಾರಿದವರು ಗ್ರೀಸ್ ಫಿಯಾರ್ಡ್ ಗಡಿಯಾರದಲ್ಲಿ 12.30ಕ್ಕೆ ಇಳಿಯುತ್ತಾರೆ. ಅಲ್ಲಿಂದ 1.30ಕ್ಕೆ ಹೊರಟರೆ ರೆಸೊಲ್ಯೂಟ್‌ನಲ್ಲಿ 2 ಗಂಟೆಗೇ ಇರುತ್ತಾರೆ. ವೇಳಾಪಟ್ಟಿಯ ಎರಡು ಸಮಯಗಳನ್ನು ಕಳೆದು ದೂರ ಊಹಿಸಲು ಹೊರಟವರು ಇಲ್ಲಿ ಮೋಸಹೋಗುತ್ತಾರೆ.

ದಿಕ್ಕು ಕೂಡ ಬದಲಾಗುತ್ತದೆ

ರೆಸೊಲ್ಯೂಟ್‌ನಿಂದ ಹೊರಡುವಾಗ ವಿಮಾನದ ಮೂತಿ ನಿಜ ಉತ್ತರದಿಂದ ಸುಮಾರು 55 ಡಿಗ್ರಿ ಬಲಕ್ಕಿರಬೇಕು, ಅಂದರೆ ಈಶಾನ್ಯಕ್ಕೆ. ಒಂದಿಷ್ಟೂ ತಿರುಗದೆ ಮಹಾವೃತ್ತದ ಮೇಲೆ ನೆಟ್ಟಗೆ ಹಾರಿ ಗ್ರೀಸ್ ಫಿಯಾರ್ಡ್ ತಲುಪಿದಾಗ ಅದೇ ದಿಕ್ಕನ್ನು ಅಳೆದರೆ 66 ಡಿಗ್ರಿ! ವಿಮಾನ ತಿರುಗಿಲ್ಲ. ಉತ್ತರ ದಿಕ್ಕನ್ನು ತೋರುವ ರೇಖಾಂಶಗಳು ಒಂದಕ್ಕೊಂದು ಓರೆಯಾಗಿರುವುದರಿಂದ, ಒಂದೂವರೆ ಗಂಟೆಯ ದಾರಿಯಲ್ಲಿ ‘ಉತ್ತರ’ವೇ 11 ಡಿಗ್ರಿ ಸರಿದುಬಿಟ್ಟಿರುತ್ತದೆ.

ದಿಕ್ಸೂಚಿಯ ಮುಳ್ಳನ್ನೂ ಅಲ್ಲಿ ನಂಬುವಂತಿಲ್ಲ. 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಭೂಮಿಯ ಉತ್ತರ ಕಾಂತಧ್ರುವವನ್ನು ಗುರುತಿಸಿದ್ದು ಇದೇ ಆರ್ಕ್ಟಿಕ್ ಪ್ರದೇಶದ ಬೂತಿಯಾ ಪರ್ಯಾಯದ್ವೀಪದಲ್ಲಿ. ಆಮೇಲೆ ಅದು ಈ ದ್ವೀಪಗಳ ನಡುವೆ ಅಲೆಯುತ್ತ ಸೈಬೀರಿಯಾ ಕಡೆಗೆ ಸರಿದಿದೆ. ಕಾಂತಧ್ರುವದ ಬಳಿ ಭೂಮಿಯ ಕಾಂತಬಲ ಮುಳ್ಳನ್ನು ನೆಲದತ್ತ ಎಳೆಯುವುದರಿಂದ ಅದು ದಿಕ್ಕು ಹಿಡಿದು ನಿಲ್ಲುವುದಿಲ್ಲ. ಅದಕ್ಕೇ ಕೆನಡಾದ ಉತ್ತರದ ವಾಯುಪ್ರದೇಶದಲ್ಲಿ ರನ್‌ವೇಗಳ ದಿಕ್ಕನ್ನೂ ವಿಮಾನಗಳ ದಾರಿಯನ್ನೂ ನಿಜ ಉತ್ತರದ ಲೆಕ್ಕದಲ್ಲಿ ಹೇಳುತ್ತಾರೆ.

ದಿಕ್ಕಿನ ಈ ಮಾತು ಜೀವದ ಪ್ರಶ್ನೆಯೂ ಹೌದು. 2011ರ ಆಗಸ್ಟ್ 20ರಂದು ಯೆಲ್ಲೋನೈಫ್‌ನಿಂದ ಬಂದ ಬೋಯಿಂಗ್ 737 ವಿಮಾನ ರೆಸೊಲ್ಯೂಟ್ ರನ್‌ವೇಯ ಬಳಿಯ ಗುಡ್ಡಕ್ಕೆ ಬಡಿದು, ಅದರಲ್ಲಿದ್ದ 15 ಜನರಲ್ಲಿ 12 ಮಂದಿ ತೀರಿಕೊಂಡರು. ತನಿಖೆಯಲ್ಲಿ ಹೊರಬಂದ ಹಲವು ಕಾರಣಗಳಲ್ಲಿ ವಿಮಾನದ ದಿಕ್ಸೂಚಿ ವ್ಯವಸ್ಥೆ ಸರಿಯಾಗಿ ಹೊಂದಿಕೆಯಾಗದೆ ಇದ್ದದ್ದೂ ಒಂದು.

ಪ್ರಯಾಣಿಕರು ತಿಳಿದಿರಬೇಕಾದದ್ದು

ಆ ಕಡೆಗೆ ಸಂಶೋಧನೆಗೋ ಕೆಲಸಕ್ಕೋ ಪ್ರವಾಸಕ್ಕೋ ಹೋಗುವ ಕನ್ನಡಿಗರೂ ಇರಬಹುದು. ಅವರು ನೆನಪಿಡಬೇಕಾದ್ದು, 383 ಕಿ.ಮೀ. ಎನ್ನುವುದು ಕೊನೆಯ ತುಂಡು ಮಾತ್ರ. ಒಟ್ಟಾವಾದಿಂದ ನುನಾವುಟ್ ರಾಜಧಾನಿ ಇಕಾಲುಯಿಟ್‌ಗೆ ಸುಮಾರು 2,100 ಕಿ.ಮೀ., ಅಲ್ಲಿಂದ ರೆಸೊಲ್ಯೂಟ್‌ಗೆ ಸುಮಾರು 1,575 ಕಿ.ಮೀ. ನೇರ ದೂರ. ವಿಮಾನ ನಡುವೆ ಬೇರೆ ಊರಿನಲ್ಲಿ ಇಳಿದು ಹೋದರೆ ಇನ್ನೂ ಹೆಚ್ಚು. ಒಟ್ಟು ದೂರ ಬೇಕೆಂದರೆ ಮೊದಲ ಮತ್ತು ಕೊನೆಯ ಊರಿನ ನಡುವೆ ಗೆರೆ ಎಳೆಯಬೇಡಿ. ಒಂದೊಂದು ತುಂಡನ್ನೂ ಬೇರೆಯಾಗಿ ಅಳೆದು ಕೂಡಿಸಿ.

ಮಂಜು ಕವಿದರೆ, ಹಿಮಗಾಳಿ ಎದ್ದರೆ ವಿಮಾನ ಹೊರಡುವುದಿಲ್ಲ. ಹೊರಟರೂ ಗ್ರೀಸ್ ಫಿಯಾರ್ಡ್ ಮೇಲೆ ರನ್‌ವೇ ಕಾಣದಿದ್ದರೆ ಇಳಿಯದೆ ಹಿಂತಿರುಗಬೇಕಾಗಬಹುದು. ಆ ದಿನ ಪ್ರಯಾಣಿಕ 766 ಕಿ.ಮೀ. ಹಾರಿ ಹೊರಟಲ್ಲಿಗೇ ಬಂದಿರುತ್ತಾನೆ. ನವೆಂಬರ್ ಮೊದಲಿನಿಂದ ಫೆಬ್ರವರಿಯ ಆರಂಭದವರೆಗೆ ಎರಡೂ ಊರುಗಳಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಆದ್ದರಿಂದ ಹಿಂತಿರುಗುವ ಟಿಕೆಟ್‌ಗೆ ಮುಂಚೆ ಕೆಲವು ದಿನ ಬಿಡುವು ಇಟ್ಟುಕೊಳ್ಳಿ. ಔಷಧಿ, ಬೆಚ್ಚನೆ ಬಟ್ಟೆ ಕೈಚೀಲದಲ್ಲೇ ಇರಲಿ. ಚಿಕ್ಕ ವಿಮಾನದಲ್ಲಿ ಪ್ರತಿ ಕಿಲೋಗೂ ಲೆಕ್ಕವಿರುವುದರಿಂದ ಸಾಮಾನಿನ ತೂಕದ ಮಿತಿಯನ್ನು ಮೊದಲೇ ಕೇಳಿಕೊಳ್ಳಿ.

ಅಲ್ಲಿಯವರಿಗೆ ಈ ದೂರ

ನಮಗೆ ಇದು ಗಣಿತದ ಅಭ್ಯಾಸ, ಅಲ್ಲಿಯವರಿಗೆ ಬದುಕು. ಗ್ರೀಸ್ ಫಿಯಾರ್ಡ್‌ನಲ್ಲಿ ನರ್ಸ್‌ಗಳು ನಡೆಸುವ ಆರೋಗ್ಯ ಕೇಂದ್ರವಿದೆ, ದೊಡ್ಡ ಆಸ್ಪತ್ರೆಯಿಲ್ಲ. ನುನಾವುಟ್‌ನ ಆಸ್ಪತ್ರೆ ಇರುವುದು ನೇರ ದೂರದಲ್ಲೇ 1,500 ಕಿ.ಮೀ. ಆಚೆಯ ಇಕಾಲುಯಿಟ್‌ನಲ್ಲಿ. ಇಂಥ ಊರುಗಳ ಗರ್ಭಿಣಿಯರು ದಿನ ತುಂಬುವ ವಾರಗಳ ಮೊದಲೇ ಮನೆ, ಮಕ್ಕಳನ್ನು ಬಿಟ್ಟು ವಿಮಾನ ಹತ್ತಬೇಕು.

ಅಷ್ಟಕ್ಕೂ ಈ ದೂರ ಅವರು ಆರಿಸಿಕೊಂಡದ್ದಲ್ಲ. 1953 ಮತ್ತು 1955ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್‌ನ ಉತ್ತರದ ಇನುಕ್‌ಜುವಾಕ್‌ನಿಂದ ಇನುಯಿಟ್ ಕುಟುಂಬಗಳನ್ನು ಸುಮಾರು 2,000 ಕಿ.ಮೀ. ಉತ್ತರಕ್ಕೆ ಸಾಗಿಸಿತು. ಬೇಟೆ ಚೆನ್ನಾಗಿ ಸಿಗುತ್ತದೆ, ಬೇಡವೆನಿಸಿದರೆ ಹಿಂತಿರುಗಬಹುದು ಎಂಬ ಭರವಸೆ ಕೊಟ್ಟಿತ್ತು. ಆ ಜಾಗಗಳ ಕತ್ತಲೆ, ಚಳಿ ಅವರಿಗೆ ಹೊಸದು. ತಮ್ಮನ್ನು ಬೇರೆಬೇರೆ ಜಾಗಗಳಿಗೆ ಹಂಚುತ್ತಾರೆ ಎನ್ನುವುದು ಅವರಿಗೆ ತಿಳಿದದ್ದು ಹಡಗು ಹತ್ತಿದ ಮೇಲೆ. ಒಂದೇ ಬಳಗದವರು ಕೆಲವರು ರೆಸೊಲ್ಯೂಟ್‌ನಲ್ಲಿ, ಕೆಲವರು ಗ್ರೀಸ್ ಫಿಯಾರ್ಡ್ ಕಡೆ ಉಳಿದುಬಿಟ್ಟರು. ಹಿಂತಿರುಗಿಸುವ ಮಾತು ಸರ್ಕಾರ ಉಳಿಸಿಕೊಳ್ಳಲಿಲ್ಲ. 1996ರಲ್ಲಿ ಒಂದು ಕೋಟಿ ಡಾಲರ್ ಪರಿಹಾರ ನಿಧಿ ಬಂತು. ಕ್ಷಮೆಯ ಮಾತು ಬರಲು 2010ರ ಆಗಸ್ಟ್ ಆಗಬೇಕಾಯಿತು. ಆ ಎರಡು ಶಿಲ್ಪಗಳು ಒಂದರತ್ತ ಒಂದು ನೋಡುತ್ತ ನಿಂತಿರುವುದು ಈ ಕಾರಣಕ್ಕೆ.

ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಗೆ ಗ್ಲೋಬ್ ಮತ್ತು ನೂಲು ಕೊಟ್ಟು ಈ ದೂರವನ್ನು ಅಳೆಯಲು ಹೇಳಿ. ಆಮೇಲೆ ಕೊಸೈನ್ ಬಳಸಿ ಲೆಕ್ಕ ಮಾಡಿಸಿ. ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿರದೆ ಡಿಗ್ರಿಯಲ್ಲಿದೆಯೇ ಎಂದು ನೋಡಿಕೊಳ್ಳಲಿ. ಉತ್ತರ 383ರ ಆಸುಪಾಸು ಬಂದಾಗ ಆ ಎರಡು ಶಿಲ್ಪಗಳ ಕಥೆಯನ್ನೂ ಹೇಳಿ. ಯಾವ ದೂರದ ಎರಡು ತುದಿಗಳಲ್ಲೂ ಜನರಿರುತ್ತಾರೆ ಎಂಬುದು ಗಣಿತದ ಜೊತೆಗೇ ಅವರಿಗೆ ತಿಳಿಯಲಿ.